ಹೊರಸಾಲು

ಸಾಂತ ಬ್ರಿಜಿದ ತೊರೆ, ಗಣಿಸೀಮೆ
೧೬೯೮, ಸೆಪ್ಟೆಂಬರ್ ೧೨

ಅಕ್ಕ ಉರ್ಸುಲಳಿಗೆ,

ಎಲ್ಲರೂ ಬದುಕಿದ್ದೇವೆ. ಮೊದಲು ಇದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ಕಾಗದ ಬಿಚ್ಚಿದ ಕೂಡಲೇ ಕೆಟ್ಟ ಸುದ್ದಿ ಎಲ್ಲಿದೆ ಎಂದು ಹುಡುಕುವವಳು ನೀನು. ತೌಬತೆ ಬಿಟ್ಟ ಎಪ್ಪತ್ತೊಂದನೆಯ ದಿನ ಇಲ್ಲಿ ತಲುಪಿದೆವು. ಜೆರೊನಿಮುವಿನ ಹಿಮ್ಮಡಿ ಒಡೆದಿದೆ. ಸೆಸಿಲಿಯ ಅರ್ಧ ದಾರಿಯನ್ನು ನನ್ನ ಸೊಂಟದ ಮೇಲೆಯೇ ಕಳೆದಳು. ಹೊಟ್ಟೆಯಲ್ಲಿರುವುದು ಗುಡ್ಡ ಹತ್ತುವಾಗಲೆಲ್ಲ ಒದೆಯಿತು.

ಗುಡ್ಡದ ನೆತ್ತಿಯಲ್ಲಿ ನಿಂತು ನನ್ನ ಗಂಡ, "ಅಗೋ ನೋಡೇ, ನಮ್ಮೂರು!" ಎಂದ. ನಾನು ನೋಡಿದೆ. ಹನ್ನೊಂದು ಗುಡಿಸಲು, ಒಂದು ಕೆಂಪು ನೀರಿನ ತೊರೆ, ಅದರಲ್ಲಿ ಸೊಂಟದವರೆಗೆ ಇಳಿದು ಮರದ ಬೋಗುಣಿ ತಿರುಗಿಸುತ್ತಿರುವ ಗಂಡಸರ ಬೆನ್ನುಗಳು. ನಾವು ಕೆಳಗಿಳಿದು ಬಂದರೂ ಒಬ್ಬನೂ ಮುಖ ಎತ್ತಲಿಲ್ಲ. ಮೊದಲು ಚಿನ್ನ ಕಂಡವನ ಹೆಸರನ್ನೇ ಊರಿಗಿಡಬೇಕೆಂದು ಕೆಲವರು ಹೇಳಿದ್ದರಂತೆ. ಆದರೆ ಅವನು ಕಂಡ ಮೂರನೆಯ ದಿನವೇ ದಂಡೆ ಕುಸಿದು ಸತ್ತದ್ದರಿಂದ ಸಂತಳ ಹೆಸರೇ ಇರಲಿ ಎಂದು ಬಿಟ್ಟರಂತೆ.

ಮರಗೆಣಸಿನ ಕಡ್ಡಿಗಳು ಉಳಿದಿವೆ ಕಣೇ ಅಕ್ಕ! ಒದ್ದೆ ಬಟ್ಟೆ ಸುತ್ತಿ ಬೆನ್ನಿಗೆ ಕಟ್ಟಿ ತಂದ ಎರಡೂ ಕಟ್ಟು, ಸಿಹಿಯದೂ ಕಹಿಯದೂ, ನೋಡಲು ಎರಡೂ ಒಂದೇ. ಬಂದ ನಾಲ್ಕನೆಯ ದಿನವೇ ಗುಡಿಸಲ ಹಿಂದಿನ ಇಳಿಜಾರು ಸುಟ್ಟು ಅಗೆದು ನೆಟ್ಟೆ. ಅಪ್ಪನ ಹೊಲದ ಹಾಗೆಯೇ: ಒಳಗೆಲ್ಲ ಕಹಿ, ದಾರಿಯ ಪಕ್ಕದ ಹೊರಸಾಲು ಮಾತ್ರ ಸಿಹಿ. ನಮ್ಮ ಕಡೆ ಯಾರ ಹೊಲವಾದರೇನು, ಹೊರಸಾಲು ದಾರಿಹೋಕರದ್ದು. ಹಸಿದವನು ಕೇಳದೆ ಕೀಳುತ್ತಾನೆ, ಅಲ್ಲೇ ಸುಟ್ಟು ತಿನ್ನುತ್ತಾನೆ, ಕಡ್ಡಿಯನ್ನು ಮತ್ತೆ ಊರಿ ಹೋಗುತ್ತಾನೆ. ಒಳಗಿನ ಕಹಿಯನ್ನು ಮನೆಯವರು ತುರಿದು, ಬುಟ್ಟಿಯಲ್ಲಿ ಹಿಂಡಿ, ವಿಷದ ರಸವನ್ನೆಲ್ಲ ತೆಗೆದು ಹುರಿದು ಹಿಟ್ಟು ಮಾಡಿಕೊಳ್ಳುತ್ತೇವೆ. ಕಾಡಿನವಳಾದ ನಮ್ಮಜ್ಜಿ ಕಲಿಸಿದ್ದನ್ನು ನಿನಗೇ ಹೇಳುತ್ತಿದ್ದೇನಲ್ಲ! ಇಲ್ಲಿ ಹೊರಗಿನಿಂದ ಬಂದವರಿಗೆ ಇದು ಗೊತ್ತಿಲ್ಲ ಅಕ್ಕ, ಅದಕ್ಕೇ ಯಾರಿಗಾದರೂ ಹೇಳಬೇಕೆನಿಸುತ್ತದೆ.

ಇಲ್ಲಿರುವವರಲ್ಲಿ ಅರ್ಧ ಜನ ಕಡಲಾಚೆಯಿಂದ ಬಂದವರು. ನೀರಿಗೂ ಮೊಣಕಾಲಿನ ಬೂಟು ಹಾಕಿಕೊಂಡೇ ಇಳಿಯುತ್ತಾರೆ. ಕಾಲ ಬೆರಳಿನವರೆಗೂ ಗರಿ ಇರುವ ಹಕ್ಕಿಗೆ ಅಜ್ಜಿ ಒಂದು ಹೆಸರು ಹೇಳುತ್ತಿದ್ದಳಲ್ಲ, ಬರಿಗಾಲಿನ ನಮ್ಮವರು ಅದನ್ನೇ ಇವರಿಗೆ ಅಂಟಿಸಿದ್ದಾರೆ, ಗರಿಗಾಲಿನವರು ಎಂದು. ನಾನು ಗುಣಿ ತೋಡುವಾಗ ಅವರಲ್ಲೊಬ್ಬ, "ಏನಮ್ಮಾ, ಚಿನ್ನದ ಮೇಲೆ ಗೆಣಸು ನೆಡ್ತಿದ್ದೀಯಲ್ಲ, ತಲೆ ನೆಟ್ಟಗಿದೆಯಾ?" ಎಂದ. "ಚಿನ್ನ ಬೇಯಿಸ್ಕೊಂಡು ತಿನ್ನೋವಾಗ ಉಪ್ಪು ಕಮ್ಮಿಯಾದ್ರೆ ಬಾಪ್ಪ, ಕೊಡ್ತೀನಿ" ಎಂದೆ. ಅವನ ಜೊತೆಯವರೇ ಹೊಟ್ಟೆ ಹಿಡಿದು ನಕ್ಕರು.

ಉಪ್ಪು ಹೊತ್ತು ತರುವ ಸಿಮಾವು ನಾಳೆ ವಾಪಸು ಹೊರಡುತ್ತಾನೆ. ಇದು ಅವನ ಕೈಯಲ್ಲಿ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ಪುಟ್ಟ ತಂಗಿ
ಅಪೊಲೋನಿಯ

*

ತೌಬತೆ
೧೬೯೮, ಡಿಸೆಂಬರ್ ೨೮

ಪೊಲೋನ್,

ನಿನ್ನ ಕಾಗದವನ್ನು ನನ್ನ ಗಂಡ ನನ್ನಿಂದ ಮೂರು ಸಲ ಓದಿಸಿದ. ಪಾದ್ರಿಯಾಗಿದ್ದ ಸೋದರಮಾವ ನಮ್ಮಿಬ್ಬರಿಗೆ ಅಕ್ಷರ ಕಲಿಸಿದ್ದು ಇವನ ಕಾಟ ಅನುಭವಿಸುವುದಕ್ಕೇ ಇರಬೇಕು. ಮೂರು ಸಲ ಓದಿದರೂ ಅವನ ಕಿವಿಗೆ ಬಿದ್ದದ್ದು ಚಿನ್ನ ಎಂಬ ಒಂದೇ ಮಾತು. "ನಾದಿನಿ ಹೊಲ ಅಲ್ಲಿದೆ, ಹೊರಸಾಲು ಇದೆ, ಇನ್ನೇನು ಬೇಕು ನಂಗೆ? ಹಾಗೆ ಹೋಗಿ ಹೀಗೆ ಬರ್ತೀನಿ" ಅನ್ನುತ್ತಾನೆ. ಬೀದಿ ಕೊನೆಯ ಬಾವಿಗೆ ಹೋದರೂ ಮಧ್ಯಾಹ್ನಕ್ಕೆ ಮನೆ ಸೇರುವವನು ಹಾಗೆ ಹೋಗಿ ಹೀಗೆ ಬರುವನಂತೆ!

ಚಿನ್ನಕ್ಕಿಂತ ಹೆಚ್ಚಾಗಿ ಅವನಿಗೆ ನಿನ್ನದೇ ಚಿಂತೆ ಎಂದು ನನಗೆ ಗೊತ್ತು. ಅಪ್ಪ ಹೋದಾಗ ನಿನಗಿನ್ನೂ ಒಂಬತ್ತು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವನು ಅವನು. ನಮಗೆ ಮಕ್ಕಳಾಗಲಿಲ್ಲ ಎಂಬ ನೋವನ್ನು ಅವನು ನನ್ನೆದುರು ಒಂದು ದಿನವೂ ಆಡಿಲ್ಲ. ನೀನಿದ್ದೆಯಲ್ಲ, ಅದಕ್ಕೇ.

ಹುಷಾರಾಗಿ ಹೆರು. ಗರಿಗಾಲಿನವರ ಜೊತೆ ಬಾಯಿ ಜೋರು ಮಾಡಬೇಡ. ನಿನ್ನ ನಾಲಿಗೆ ಎಂಥದೆಂದು ಅವರಿಗಿನ್ನೂ ಗೊತ್ತಿಲ್ಲ.

ನಿನ್ನ ಅಕ್ಕ
ಉರ್ಸುಲ

*

ಸಾಂತ ಬ್ರಿಜಿದ
೧೬೯೯, ಮಾರ್ಚ್ ೩೦

ಅಕ್ಕ,

ಗಂಡುಮಗು. ಬೆಂತು ಎಂದು ಹೆಸರಿಟ್ಟೆವು. ಹೆತ್ತು ಹತ್ತು ದಿನ ಹೊರಗೆ ಬರಲಾಗಲಿಲ್ಲ, ಬಂದು ನೋಡುವಷ್ಟರಲ್ಲಿ ಊರೇ ಬದಲಾಗಿತ್ತು. ತಿಂಗಳುಗಳಿಂದ ಏರುತ್ತಲೇ ಇದ್ದು ಈಗ ನಾನೂರು ಗುಡಿಸಲಿರಬಹುದು. ಎರಡು ಗುಡಿಸಲ ನಡುವೆ ನಾಯಿ ನುಸುಳುವಷ್ಟು ಜಾಗವಿಲ್ಲ. ಹುಲ್ಲು ಹೊದಿಸಿದ ಒಂದು ಪ್ರಾರ್ಥನೆಯ ಮನೆ ಎದ್ದಿದೆ, ಅದರ ಹಿಂದೆ ಆಗಲೇ ಮೂವತ್ತು ಗೋರಿ. ಎಲ್ಲರನ್ನೂ ಆಳುವವನಂತೆ ಒಬ್ಬ ಕಪ್ತಾನ ಬಂದಿದ್ದಾನೆ. ಅವನನ್ನು ಯಾರು ಕಳಿಸಿದರೋ ಗೊತ್ತಿಲ್ಲ, ಅವನ ಹಿಂದೆ ಐವತ್ತು ಜನ ಗುಲಾಮರು ಮಾತ್ರ ಇದ್ದಾರೆ.

ಜೆರೊನಿಮುವಿಗೆ ಚಿನ್ನ ಸಿಗುತ್ತಿದೆ. ಹದ್ದಿನ ಗರಿಯ ಕೊಳವೆಯಲ್ಲಿ ಪುಡಿ ತುಂಬಿ ಕೊರಳಿಗೆ ಕಟ್ಟಿಕೊಂಡಿದ್ದಾನೆ. ಅವನು ಈಗ ಅಲ್ಲಾಡದೆ ಮಲಗುತ್ತಾನೆ, ಕೊಳವೆ ಎಲ್ಲಿ ಒಡೆಯುವುದೋ ಎಂದು.

ಹೊರಸಾಲು ಹೋಯಿತು ಅಕ್ಕ. ನಾನು ಒಳಗೆ ಮಲಗಿದ್ದಾಗ, ಹಾಡುಹಗಲಲ್ಲೇ, ಗೆಣಸಿನ್ನೂ ಬೆರಳಿಗಿಂತ ದಪ್ಪವಾಗುವ ಮೊದಲೇ ಒಂದೂ ಬಿಡದೆ ಕಿತ್ತರು. ದಾರಿಹೋಕರದ್ದು ತಾನೇ, ತಿನ್ನಲಿ ಎನ್ನಬಹುದಿತ್ತು. ಆದರೆ ಕಡ್ಡಿಗಳನ್ನು ಸೌದೆ ಮಾಡಿ ಉರಿಸಿದ್ದಾರೆ! ಗೆಣಸು ತಿಂದವನು ಕಡ್ಡಿ ಊರದೆ ಹೋಗುವುದನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ. ಸಿಹಿಯ ಒಂದು ಕಡ್ಡಿಯೂ ಉಳಿಯಲಿಲ್ಲ. ಹಸಿ ಬಾಣಂತಿ ಅಲ್ಲೇ ಬೂದಿಯ ಮುಂದೆ ಕೂತು ಅತ್ತೆ, ಆಮೇಲೆ ಬೈದೆ. ಅವರಲ್ಲೊಬ್ಬ, "ಯಾಕಮ್ಮಾ ಹಿಂಗೆ ಬಡ್ಕೊಳ್ತೀಯ? ಕಾಡಲ್ಲಿ ಬೆಳ್ದಿದ್ದಕ್ಕೆ ನೀನೊಬ್ಳು ಒಡತಿನಾ?" ಎಂದು ನಕ್ಕು ಹೋದ.

ಆ ಸಾಲನ್ನು ಮತ್ತೆ ನೆಟ್ಟಿದ್ದೇನೆ. ಈ ಸಲ ಕೀಳಲಿ ನೋಡೋಣ.

ಅಪೊಲೋನಿಯ

*

ಸಾಂತ ಬ್ರಿಜಿದ
೧೬೯೯, ಡಿಸೆಂಬರ್ ೯

ಅಕ್ಕ,

ನಿನ್ನಿಂದ ಕಾಗದವಿಲ್ಲ. ಸಿಮಾವು ಬಂದು ಐದು ತಿಂಗಳಾಯಿತು. ಇಲ್ಲಿಗೆ ಬರುವವರಿದ್ದಾರೆ, ಇಲ್ಲಿಂದ ಹೋಗುವವರು ಕಡಿಮೆ.

ಜೆರೊನಿಮು ಸತ್ತ. ದಂಡೆಯ ಕೆಳಗೆ ಅಗೆಯುತ್ತಿದ್ದಾಗ ಮೇಲಿನ ಮಣ್ಣು ಕುಸಿಯಿತು. ತೆಗೆದಾಗ ಬಾಯಿತುಂಬ ಮಣ್ಣು, ಕೊರಳಲ್ಲಿ ಕೊಳವೆ ಇರಲಿಲ್ಲ. ಕೊಳವೆ ಕಿತ್ತುಕೊಂಡವರು ಯಾರೆಂದು ಊರಿಗೆಲ್ಲ ಗೊತ್ತು, ಹೇಳುವವರಿಲ್ಲ. ಅಳುವುದಕ್ಕೂ ಆಗಲಿಲ್ಲ ಅಕ್ಕ, ಬೆಂತುವಿಗೆ ಎದೆಹಾಲು ಬತ್ತುತ್ತದೆಂಬ ಭಯ.

ಹಸಿವು ಬಂದಿದೆ. ಈ ಊರು ಕಟ್ಟಿದವರಲ್ಲಿ ಒಬ್ಬನೂ ಒಂದು ಕಾಳು ಬಿತ್ತಲಿಲ್ಲ. ದನವಿಲ್ಲ, ಹಂದಿಯಿಲ್ಲ. ಹೋದ ವಾರ ಒಬ್ಬ ಒಂದು ಬೆಕ್ಕಿಗೆ ಬೊಗಸೆ ಚಿನ್ನ ಕೊಟ್ಟ. ನಮ್ಮ ಕಡೆಯ ಬರಿಗಾಲಿನವರೆಲ್ಲ ಬೇಟೆಯಾಡಿ ಬದುಕಿಕೊಳ್ಳುತ್ತೇವೆಂದು ಕಾಡು ಹೊಕ್ಕರು. ನನ್ನನ್ನೂ ಕರೆದರು. ಎರಡು ಮಕ್ಕಳನ್ನು ಹೊತ್ತು ಎಲ್ಲಿಗೆ ಹೋಗಲಿ, ಹೊಲ ಬಿಟ್ಟು ಹೇಗೆ ಹೋಗಲಿ? ಉಳಿದವರೆಲ್ಲ ಗರಿಗಾಲಿನವರು ಮತ್ತು ಅವರ ಗುಲಾಮರು. ಗುಲಾಮರು ಮೊದಲು ಸಾಯುತ್ತಿದ್ದಾರೆ, ಅವರಿಗೆ ಗೋರಿಯೂ ಇಲ್ಲ.

ಭಾವನನ್ನು ಕಳಿಸು. ಮಳೆ ನಿಂತ ಕೂಡಲೇ, ಮೆಕ್ಕೆಜೋಳ ಹೊರಿಸಿ ಕಳಿಸು. ಚಿನ್ನ ಬೇಡ, ನಮ್ಮನ್ನು ಕರೆದುಕೊಂಡು ವಾಪಸು ಬರಲಿ. ನಾನು ಯಾರಿಗೂ ಹೀಗೆ ಕೈಯೊಡ್ಡಿದವಳಲ್ಲ, ನಿನಗೆ ಗೊತ್ತು.

ಪೊಲೋನ್

*

ತೌಬತೆ
೧೭೦೦, ಏಪ್ರಿಲ್ ೨೨

ನನ್ನ ಪೊಲೋನ್,

ಕಾಗದ ಓದಿ ಮುಗಿಸುವ ಮೊದಲೇ ಅವನು ಅಟ್ಟದಿಂದ ಮೂಟೆ ಇಳಿಸಿದ್ದ. ಈಸ್ಟರ್ ಕಳೆದು ಎಂಟನೆಯ ದಿನ, ಅಂದರೆ ಮೊನ್ನೆ ಹೊರಟ. ಹೊರಲು ಆಳು ಸಿಗಲಿಲ್ಲ, ಗಣಿಯ ಹೆಸರೆತ್ತಿದರೆ ಕೂಲಿಯವರು ಓಡುತ್ತಾರೆ. ಒಬ್ಬನೇ ಹೊತ್ತಿದ್ದಾನೆ, ತನ್ನ ಹೆಗಲಿಗೆ ಎಷ್ಟು ಹಿಡಿಯುತ್ತದೋ ಅಷ್ಟು ಜೋಳ.

"ದಾರಿಗೆ ನಿನಗೇನೋ ಮಾರಾಯ?" ಎಂದೆ.

"ದಾರೀಲಿ ಹೊಲಗಳಿಲ್ವಾ? ಹೊರಸಾಲಿಲ್ವಾ? ಈ ಮೂಟೇಲಿ ಒಂದು ಕಾಳು ಮುಟ್ಟಿದ್ರೆ ಕೇಳು. ಇದು ಆ ಕೂಸುಗಳದ್ದು."

"ಅಲ್ಲಿಗೆ ಹೋದ್ಮೇಲೆ?"

"ಅಲ್ಲಿ ನಮ್ಮ ಪೊಲೋನಿ ಹೊಲಾನೇ ಇದೆಯಲ್ಲೇ, ಪೆದ್ದಿ!"

ಹಾಗೆ ನಗುತ್ತ ಹೋದ. ಬೀದಿಯ ತಿರುವಿನಲ್ಲಿ ತಿರುಗಿ ನೋಡಲಿಲ್ಲ, ತಿರುಗಿ ನೋಡಿದರೆ ನಾನು ಅಳುತ್ತೇನೆಂದು. ನಾನು ಹೇಗೂ ಅತ್ತೆ. ಇದನ್ನು ಇನ್ನೊಂದು ತಂಡದ ಜೊತೆ ಕಳಿಸುತ್ತಿದ್ದೇನೆ. ಅವರು ಅವನಿಗಿಂತ ಬೇಗ ನಡೆಯುವವರು. ಅವನು ಬರುವವರೆಗೆ ಧೈರ್ಯವಾಗಿರು.

ನಿನ್ನ ಅಕ್ಕ
ಉರ್ಸುಲ

*

ಸಾಂತ ಬ್ರಿಜಿದ
೧೭೦೦, ಮೇ ೨೦

ಅಕ್ಕ,

ಭಾವ ಹೊರಡುವ ಮೊದಲು ಇದು ನಿನ್ನ ಕೈ ಸೇರಬೇಕು. ಡಿಸೆಂಬರಿನಲ್ಲೇ ಬರೆಯಬೇಕಿತ್ತು, ನಾಚಿಕೆಯಿಂದ ಬರೆಯಲಿಲ್ಲ. ನನ್ನ ಹೊಲದ ಹೊರಸಾಲು ಈಗ ಸಿಹಿಯಲ್ಲ. ಅಲ್ಲಿ ಕಹಿ ನೆಟ್ಟಿದ್ದೇನೆ. ಮುಟ್ಟಬಾರದೆಂದು ಅವನಿಗೆ ಹೇಳು.

ಅವರು ಕಡ್ಡಿ ಸುಟ್ಟ ದಿನ ನನಗೆ ತಲೆ ಕೆಟ್ಟಿತ್ತು. ಉಳಿದದ್ದು ಕಹಿಯ ಕಡ್ಡಿ ಮಾತ್ರ ಎಂಬುದು ನಿಜ, ಆದರೆ ಆ ಸಾಲನ್ನು ಖಾಲಿ ಬಿಡಬಹುದಿತ್ತು. ಬಿಡಲಿಲ್ಲ. ತಿಂದರೆ ಹೊಟ್ಟೆ ಹಿಡಿದುಕೊಂಡು ನಾಲ್ಕು ದಿನ ಒದ್ದಾಡಲಿ, ಬುದ್ಧಿ ಬರಲಿ ಎಂದುಕೊಂಡೆ. ಸಾಯುವಷ್ಟು ತಿನ್ನುತ್ತಾರೆಂದು ಎಣಿಸಲಿಲ್ಲ. ಆಗ ಇಷ್ಟು ಹಸಿವಿರಲಿಲ್ಲ ಅಕ್ಕ.

ಏಪ್ರಿಲ್‌ನಲ್ಲಿ ಒಬ್ಬ ಗರಿಗಾಲಿನವನು ಸತ್ತ. ಎಂಟು ದಿನ ಬಿಟ್ಟು ಕಪ್ತಾನನ ಗುಲಾಮಳೊಬ್ಬಳು. ಅವಳು ಹೊಲದ ಅಂಚಿನಲ್ಲೇ ಬಿದ್ದಿದ್ದಳು, ಪಕ್ಕದಲ್ಲಿ ಸಣ್ಣ ಬೆಂಕಿ ಇನ್ನೂ ಹೊಗೆಯಾಡುತ್ತಿತ್ತು. ನನ್ನ ವಯಸ್ಸಿನವಳು. ಹಿಂದಿನ ದಿನ ತೊರೆಯಲ್ಲಿ ಸೆಸಿಲಿಯಳ ಕೆನ್ನೆ ಸವರಿ, "ಅಮ್ಮನ ಮೂಗೇ ಬಂದಿದೆ ಕೂಸಿಗೆ" ಎಂದಿದ್ದಳು. ಅವಳಿಗೆ ಒಂದು ಮಾತು ಹೇಳಬಹುದಿತ್ತು. ಜನ ಇದನ್ನು ಜ್ವರ ಎನ್ನುತ್ತಾರೆ. ಕೆಲವರು ಆ ಹೊಲಕ್ಕೆ ಶಾಪವಿದೆ ಎನ್ನುತ್ತಾರೆ. ನಾನು ಎರಡಕ್ಕೂ ತಲೆಯಾಡಿಸುತ್ತೇನೆ.

ಬಾಯಿ ಬಿಡುವುದಾದರೆ ಏನು ಹೇಳಬೇಕು, ಹೇಳು? ತುರಿದು ಹಿಂಡಿ ಹುರಿದು ತಿನ್ನಿ ಎನ್ನಬೇಕು. ಅಷ್ಟೇ ಮಾತು. ಅದನ್ನು ಹೇಳಿದ ಮರುದಿನ ಹೊಲದಲ್ಲಿ ಒಂದು ಗೆಣಸೂ ಇರುವುದಿಲ್ಲ, ಸಾವಿರ ಜನಕ್ಕೆ ಅದು ಒಂದು ಹೊತ್ತಿನ ಊಟ. ನನ್ನ ಮಕ್ಕಳಿಗೆ ಅದೇ ವರ್ಷದ ಜೀವ. ನಾನು ಬಾಗಿಲು ಮುಚ್ಚಿ ತುರಿಯುತ್ತೇನೆ, ಒಲೆಯ ಪಕ್ಕ ಗುಣಿ ತೋಡಿ ರಸವನ್ನು ಅದರಲ್ಲಿ ಸುರಿಯುತ್ತೇನೆ. ಸೆಸಿಲಿಯಳಿಗೆ ಹೊರಗೆ ಆಡುವಾಗ ಹಸಿವು ಎಂದು ಅಳಲು ಕಲಿಸಿದ್ದೇನೆ. ಅವಳಿಗೆ ಆರು ವರ್ಷ, ಎಷ್ಟು ಚೆನ್ನಾಗಿ ಅಳುತ್ತಾಳೆಂದರೆ ನನಗೇ ಭಯವಾಗುತ್ತದೆ.

ಕಪ್ತಾನ ಪ್ರಾರ್ಥನೆಯ ಮನೆಯ ಮುಂದೆ ಶಿಕ್ಷೆಯ ಕಂಬ ನೆಡಿಸುತ್ತಿದ್ದಾನೆ. ಕಂಬ ನಿಂತರೆ ಮಾತ್ರ ಊರು ಎನಿಸಿಕೊಳ್ಳುತ್ತದಂತೆ. ಕಾಳು ಬಚ್ಚಿಟ್ಟವರನ್ನು ಮೊದಲು ಕಟ್ಟುತ್ತೇನೆಂದು ಸಾರಿಸಿದ್ದಾನೆ. ಇದನ್ನು ನಿನಗೊಬ್ಬಳಿಗೆ ಬರೆದಿದ್ದೇನೆ. ಓದಿ ಸುಟ್ಟುಬಿಡು.

ಪೊಲೋನ್

*

ತೌಬತೆ
೧೭೦೦, ಜುಲೈ ೪

ಪೊಲೋನ್,

ಅವನು ಹೊರಟು ಎಪ್ಪತ್ತೈದು ದಿನ ಆಗಿದೆ!

ನಿನ್ನ ಕಾಗದ ಇವತ್ತು ಬಂತು. ಅವನು ಬಂದೂಕಿಗೆ ಹೆದರುತ್ತಾನೆ, ಹೊಳೆಗೆ ಹೆದರುತ್ತಾನೆ, ನಮ್ಮ ಹೊರಸಾಲಿಗೆ ಹೆದರುವುದಿಲ್ಲ. ಗರಿಗಾಲಿನವನು ಒಂದು ಸಲ ಮೂಸಿಯಾದರೂ ನೋಡಿಯಾನು. ಇವನು ಅದನ್ನೂ ಮಾಡುವುದಿಲ್ಲ, ನಿನ್ನ ಹೊಲ ತಾನೇ?

ಒಂದೇ ಒಂದು ಆಸೆ ಇದೆ. ಆ ಕಡೆಯಿಂದ ಬಂದವನೊಬ್ಬ ಅವನನ್ನು ದೊಡ್ಡ ಹೊಳೆಯ ಕಡವಿನ ಬಳಿ ಕಂಡನಂತೆ. ಪಾದ ಊದಿಕೊಂಡು ಮಲಗಿದ್ದಾನೆ, ಇನ್ನೊಂದು ತಿಂಗಳು ಏಳಲಾರ ಎಂದ. ಗಂಡ ಬಿದ್ದಿದ್ದಾನೆಂಬ ಸುದ್ದಿ ಕೇಳಿ ದೇವರಿಗೆ ಕೈಮುಗಿದ ಹೆಂಗಸು ನಾನೊಬ್ಬಳೇ ಇರಬೇಕು. ಹಾಗಾಗಿ ಈ ಕಾಗದ ಅವನಿಗಿಂತ ಮೊದಲು ನಿನ್ನನ್ನು ಮುಟ್ಟುತ್ತದೆ.

ಹೇಳಿಬಿಡು. ಊರಿನ ನಡುವೆ ನಿಂತು ಕೂಗಿ ಹೇಳು. ಇಲ್ಲ, ಆ ಸಾಲನ್ನು ಇವತ್ತೇ ಕಿತ್ತು ಸುಡು. ಅದೂ ಆಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಆ ಅಂಚಿನಲ್ಲೇ ಕೂತಿರು, ಅವನು ಬರುವವರೆಗೆ ಏಳಬೇಡ. ನಿನ್ನ ಮಕ್ಕಳಿಗೆ ಏನಾಗುತ್ತದೆಂದು ನನಗೂ ಗೊತ್ತಾಗುತ್ತದೆ ಕಣೇ. ಅವನ ಮೂಟೆಯಿದೆ, ಅವನು ಬದುಕಿದರೆ ಅವರೂ ಬದುಕುತ್ತಾರೆ. ನನಗೆ ಅವನೊಬ್ಬನೇ ಇರುವುದು.

ನಿನ್ನ ಅಕ್ಕ
ಉರ್ಸುಲ

*

ಸಾಂತ ಬ್ರಿಜಿದ ಪಟ್ಟಣ
೧೭೦೦, ಸೆಪ್ಟೆಂಬರ್ ೧೪

ಪ್ರೀತಿಯ ಅಕ್ಕ ಉರ್ಸುಲಳಿಗೆ,

ನಾವೆಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ಏಪ್ರಿಲ್ ಕಾಗದ ಜೂನ್‌ನಲ್ಲಿಯೂ ಜುಲೈ ಕಾಗದ ಆಗಸ್ಟ್ ಹತ್ತರಂದೂ ಬಂದವು. ನೀನು ಹೇಳಿದಂತೆಯೇ ಎಲ್ಲ ಮಾಡಿದೆ. ಎಲ್ಲರಿಗೂ ಹೇಳಿದೆ. ಈಗ ಯಾರೂ ಹೊರಸಾಲು ಮುಟ್ಟುವುದಿಲ್ಲ.

ಭಾವ ಇಲ್ಲಿಗೆ ಬರಲಿಲ್ಲ. ಬಂದಿದ್ದರೆ ನನಗೆ ಗೊತ್ತಾಗದೆ ಇರುತ್ತಿತ್ತೇ? ಈ ನಡುವೆ ಬಹಳ ಜನ ಕವಲುದಾರಿಯಲ್ಲಿ ಎಡಕ್ಕೆ ತಿರುಗಿ ಹೊಸ ತೊರೆಗಳ ಕಡೆ ಹೋಗುತ್ತಿದ್ದಾರೆ, ಅಲ್ಲಿ ಚಿನ್ನ ದಪ್ಪ ಹರಳಾಗಿ ಸಿಗುತ್ತದಂತೆ. ಗಂಡಸರ ಬುದ್ಧಿ ನಿನಗೆ ಗೊತ್ತೇ ಇದೆ. ಆ ಕಡೆ ಹೋಗಿರಬಹುದು. ಕಾಡು ದೊಡ್ಡದು. ಒಂದೆರಡು ವರ್ಷ ಬಿಟ್ಟು ಬಂದವರೂ ಇದ್ದಾರೆ.

ನಮ್ಮದು ಈಗ ಪಟ್ಟಣವೆಂದು ಸಾರಿದರು. ಶಿಕ್ಷೆಯ ಕಂಬ ನಿಂತಿದೆ, ಒಳ್ಳೆಯ ಗಟ್ಟಿ ಮರ. ಬೀದಿಗಳಿಗೆ ಹೆಸರಿಟ್ಟರು. ನನ್ನ ಹೊಲದ ಪಕ್ಕದ್ದು ದಾರಿಹೋಕರ ಬೀದಿಯಂತೆ. ಗಂಟೆ ತರಿಸುತ್ತಾರಂತೆ. ದಕ್ಷಿಣದಿಂದ ಹಂದಿಗಳು ಬರುತ್ತವೆಂಬ ಸುದ್ದಿಯೂ ಇದೆ. ಕೆಟ್ಟ ದಿನಗಳು ಕಳೆದವು ಎಂದು ಎಲ್ಲರೂ ಅನ್ನುತ್ತಾರೆ. ಮಳೆ ಇನ್ನೂ ಬಂದಿಲ್ಲ, ಗಾಳಿ ಚೆನ್ನಾಗಿದೆ.

ಬೆಂತು ಹೆಜ್ಜೆ ಹಾಕುತ್ತಾನೆ. ಸೆಸಿಲಿಯ ಮೈ ಕೈ ತುಂಬಿಕೊಂಡಿದ್ದಾಳೆ, ಬೆಳಗ್ಗೆ ಜೋಳದ ಗಂಜಿ ಒಂದು ಬಟ್ಟಲು ಪೂರ್ತಿ ಕುಡಿಯುತ್ತಾಳೆ. ನೀನು ಅವರನ್ನು ನೋಡಬೇಕು.

ನನಗೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ನಿನ್ನ ಪ್ರಾರ್ಥನೆಯಲ್ಲಿ ನನ್ನ ಹೆಸರಿರಲಿ.

ನಿನ್ನ ಪ್ರೀತಿಯ ತಂಗಿ
ಅಪೊಲೋನಿಯ

*

ತೌಬತೆ
೧೭೦೦, ನವೆಂಬರ್ ೨೬

ಅಪೊಲೋನಿಯ,

ನಿಮ್ಮ ಊರಿನ ಗಂಟೆಗೆಂದು ಭಿಕ್ಷೆ ಎತ್ತುತ್ತ ಒಬ್ಬ ಮುದುಕ ಪಾದ್ರಿ ಇಲ್ಲಿಗೆ ಬಂದಿದ್ದ. ನಿನ್ನ ಕಾಗದ ತಂದವನು ಅವನೇ. ಊಟಕ್ಕೆ ಕೂರಿಸಿದೆ. ನೀನು ನನ್ನ ತಂಗಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಾಗದ ಅವನ ಕೈ ಸೇರಿದ್ದು ಬೇರೆಯವರಿಂದ, ಯಾರೋ ವಿಧವೆಯದು ಎಂದಷ್ಟೇ ತಿಳಿದಿದ್ದ, ನಾನೂ ಹೇಳಲಿಲ್ಲ. ನಿಮ್ಮ ಕಡೆ ಸುದ್ದಿ ಏನು ಸ್ವಾಮಿ ಎಂದೆ.

"ಏನು ಹೇಳ್ಲಮ್ಮಾ, ಅಲ್ಲೊಂದು ಶಾಪದ ಹೊಲ ಇದೆ. ಊರೆಲ್ಲ ಒಣಗಿದ್ರೂ ಅದು ಹಸಿರು. ಅದರ ಅಂಚಲ್ಲಿ ಒಂಬತ್ತು ಜನ ಸತ್ರು. ಕೊನೆಯವನು ನಿಮ್ಮ ಕಡೆಯವನೇ ಇರಬೇಕು, ಬರಿಗಾಲು. ಆಗಸ್ಟ್ ಕೊನೇಲಿ, ಬೆಳಗಿನ ಪೂಜೆ ಮುಗಿಸಿ ಬರ್ತಿದ್ದೆ, ಬೆಂಕಿ ಪಕ್ಕ ಮಗ್ಗುಲಾಗಿ ಮಲಗಿದ್ದ. ನಿದ್ದೆ ಅಂದ್ಕೊಂಡೆ. ಎಡಗಾಲಿಗೆ ಹೆಬ್ಬೆರಳಿರಲಿಲ್ಲ. ತಿಂದ ಗೆಣಸಿನ ಕಡ್ಡಿಗಳನ್ನ ಮತ್ತೆ ನೆಲಕ್ಕೆ ಊರಿದ್ದ ನೋಡಮ್ಮಾ, ಸಾಯೋ ಮೊದಲು! ಯಾಕೆ ಅಂತ ಅಲ್ಲಿ ಯಾರಿಗೂ ಅರ್ಥ ಆಗ್ಲಿಲ್ಲ."

ಆ ಹೆಬ್ಬೆರಳು ನಿನ್ನ ಮದುವೆಯ ಸೌದೆ ಒಡೆಯುವಾಗ ಹೋದದ್ದು. ನಾನು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟೆ. ಜೊತೆಗೆ ಏನಾದರೂ ಇತ್ತೇ ಎಂದು ಕೇಳಿದೆ.

"ಒಂದು ಮೂಟೆ ಇತ್ತು. ಬಾಯಿ ಹೊಲಿದದ್ದು ಹಾಗೇ ಇತ್ತು. ಹೊಲದೊಡತಿ ವಿಧವೆ, ಪಾಪ, ಎರಡು ಮಕ್ಕಳ ತಾಯಿ, ಅವಳಿಗೇ ಇರಲಿ ಅಂದೆ. ಹೂಳೋ ಮೊದಲು ಪ್ರಾರ್ಥನೆಗೆ ಹೆಸರು ಬೇಕಲ್ಲ, ಅವಳನ್ನೂ ಕೇಳಿದೆ, ಯಾರಮ್ಮಾ ಇವನು ಅಂತ. ಬಹಳ ಹೊತ್ತು ಮುಖ ನೋಡಿದ್ಲು. ಗೊತ್ತಿಲ್ಲ ಸ್ವಾಮಿ, ಯಾರೋ ದಾರಿಹೋಕ ಅಂದ್ಲು. ಹಾಗಾಗಿ ಹೆಸರಿಲ್ದೆ ಹೂಳಿದ್ವಿ."

ನೀನು ಬೇಕೆಂದು ಅವನನ್ನು ಕೊಂದೆ ಎಂದು ನಾನು ಹೇಳುವುದಿಲ್ಲ. ಹಗಲಿರುಳು ಅಂಚಿನಲ್ಲಿ ಕೂತಿದ್ದಿರಬೇಕು, ಆ ಒಂದು ರಾತ್ರಿ ಮಗುವೋ ನೀರೋ ಏನೋ ನಿನ್ನನ್ನು ಎಬ್ಬಿಸಿರಬಹುದು. ಅವನು ಕತ್ತಲಲ್ಲಿ ತಲುಪಿ, ಮಕ್ಕಳ ನಿದ್ದೆ ಕೆಡಿಸಬಾರದೆಂದು ಅಲ್ಲೇ ಬೆಂಕಿ ಹಾಕಿರಬೇಕು. ಅದನ್ನು ನಂಬಲು ನಾನು ಮೂರು ದಿನ ಕಷ್ಟಪಟ್ಟೆ, ನಂಬಿದ್ದೇನೆ. ಅವನು ಯಾರೆಂದು ಹೇಳಿದರೆ ಹೊಲದ ಗುಟ್ಟೂ ಹೊರಬಿದ್ದು ಕಂಬಕ್ಕೆ ನಿನ್ನನ್ನೇ ಕಟ್ಟುತ್ತಿದ್ದರು, ಮಕ್ಕಳು ಬೀದಿಪಾಲಾಗುತ್ತಿದ್ದರು, ಅದೂ ನನಗೆ ಗೊತ್ತು. ಆದರೆ ನಿನ್ನನ್ನು ಹೆಗಲ ಮೇಲೆ ಹೊತ್ತವನ ಮುಖ ನೋಡಿ ಗೊತ್ತಿಲ್ಲ ಎಂದೆಯಲ್ಲ! ಆಮೇಲೆ ಮನೆಗೆ ಹೋಗಿ ಮೂಟೆಯ ಹೊಲಿಗೆ ಬಿಚ್ಚಿದೆಯಲ್ಲ. ಆ ಹೊಲಿಗೆ ಹಾಕಿದ್ದು ನಾನು. ಎಲ್ಲರಿಗೂ ಹೇಳಿದೆ ಎಂದು ಬರೆದಿದ್ದೀಯ. ಹೇಳಿದ್ದರೆ ಹೊಲ ಹಸಿರಾಗಿ ನಿಂತಿರುತ್ತಿರಲಿಲ್ಲ.

ನಾನು ಹೊರಡುತ್ತಿದ್ದೇನೆ. ಮಳೆ ನಿಲ್ಲಲಿ ಎಂದು ಎಲ್ಲರೂ ಹೇಳಿದರು, ನನಗೆ ಕಾಯಲು ಆಗುವುದಿಲ್ಲ. ಮನೆಗೆ ಬೀಗ ಹಾಕಿದ್ದೇನೆ, ಇದನ್ನು ಒಂದು ದಿನ ಮುಂದೆ ಹೋಗುವವರ ಕೈಗೆ ಕೊಡುತ್ತಿದ್ದೇನೆ. ಬರಿಗೈಯಲ್ಲಿ ಬರುತ್ತೇನೆ, ಬರಿಗಾಲಲ್ಲಿ ಬರುತ್ತೇನೆ. ನಿನ್ನ ಹೊಲದ ಅಂಚಿನಲ್ಲಿ ಬೆಂಕಿ ಹಾಕಿ ಕೂರುತ್ತೇನೆ. ಊರಿನವರು ನಿನ್ನನ್ನು ಕರೆತಂದು ಯಾರಮ್ಮಾ ಇವಳು ಎಂದು ಕೇಳುತ್ತಾರೆ. ಅವರೆಲ್ಲರ ಮುಂದೆ ನನ್ನನ್ನು ಅಕ್ಕಾ ಎಂದು ಕರೆಯುತ್ತೀಯೋ ಇಲ್ಲವೋ, ಅದೊಂದನ್ನು ನಾನು ನೋಡಬೇಕು.

ಉರ್ಸುಲ